ಮೂತಿ ಎತ್ತಿದರೆ ನಿಲ್ಲುವ ಎಂಜಿನ್

ನೆಲದ ಮೇಲೆ ಸರಿಯಾಗಿಯೇ ಇದೆ, ಅದೇ ತಕರಾರು.
ಸೆಳೆ, ಅದುಮು, ಸಿಡಿ, ಉಗುಳು,
ನಾಲ್ಕೂ ಹೆಜ್ಜೆ ತಪ್ಪದೆ
ಆಟಿಕೆ ಟ್ರ್ಯಾಕ್ಟರಿನ ಹಾಗೆ ಗುಟುಗುಟು.
ವಿಮಾನದ ಮೂತಿ ಆಕಾಶಕ್ಕೆ ಎತ್ತಿ ಹಿಡಿದೆನೋ
ಎರಡು ಸಲ ಕೆಮ್ಮಿ
ತೆಪ್ಪಗೆ.

ಯಾರ್ಕ್‌ಟನ್ನಿನಿಂದ ಉತ್ತರಕ್ಕೆ, ಜಲ್ಲಿ ರಸ್ತೆ ಸೋತು ನಿಲ್ಲುವಲ್ಲಿ
ನಮ್ಮ ಹಾರಾಟದ ಬಯಲು.
ಬಯಲೆಂದರೆ, ನೆಸ್ಟರ್ ಕನೋಲ ಬಿತ್ತದೆ ಬಿಟ್ಟುಕೊಟ್ಟ ಒಂದು ಪಟ್ಟಿ ಹುಲ್ಲು.
ನಡುನಡುವೆ ಗೋಫರ್ ಬಿಲ.
ಅವು ಎದ್ದು, ಎದೆಯ ಮೇಲೆ ಕೈ ಕಟ್ಟಿ
ನನ್ನ ಪಾಡು ನೋಡುತ್ತವೆ.

ಮೊದಲು ಬೈದದ್ದು ಪ್ಲಗ್ಗನ್ನು.
ಬಿಚ್ಚಿ ನೋಡಿದರೆ ತಂತಿ ಕೆಂಡದಂತೆ ಕೆಂಪಗೆ, ನಿರಪರಾಧಿ.
ಆದರೂ ಹೊಸದು ಹಾಕಿದೆ, ಹನ್ನೊಂದು ಡಾಲರ್.
ಆಮೇಲೆ ಇಂಧನ. ಹಳೆಯ ಕ್ಯಾನಿನ ಮೆಥನಾಲ್
ಚಳಿಗಾಲವಿಡೀ ಗ್ಯಾರೇಜಿನ ತೇವ ಕುಡಿದಿರಬೇಕೆಂದು
ಹೊಸ ಕ್ಯಾನು ಒಡೆದೆ.
ಆಮೇಲೆ ಕವಾಟಗಳು. ತಲೆಯ ಮುಚ್ಚಳ ತೆಗೆದು
ರಾಕರಿನ ಕೆಳಗೆ ಅಳತೆಯ ತಗಡು ತೂರಿಸಿದೆ:
ಬೆಣ್ಣೆಯೊಳಗಿನ ಕೂದಲು ಎಳೆದಂತೆ ಬರಬೇಕು.
ಬಂತು.
ಸಿಟ್ಟು ಬಂದು ರಭಸದಿಂದ ತಿರುಗಿಸಿದೆ. ಹಿಂದಕ್ಕೊದ್ದು
ಪ್ರೊಪೆಲರಿನ ನಟ್ಟನ್ನೇ ಎಸೆಯಿತು ಹುಲ್ಲಿಗೆ.
ಅರ್ಧ ಗಂಟೆ ಮೊಣಕಾಲೂರಿ ಹುಡುಕಿದೆ,
ದೇವರು ಕಂಡರೆ ಅದನ್ನೂ ಎತ್ತಿ ಜೇಬಿಗೆ ಹಾಕುತ್ತಿದ್ದೆ.

ಉಳಿದದ್ದು ಸೂಜಿ. ಕಾರ್ಬುರೇಟರಿನ ಪಕ್ಕದಲ್ಲಿ,
ಒಂದೊಂದೇ ಕ್ಲಿಕ್.
ಅದಕ್ಕೆ ಕಣ್ಣು ಬೇಡ, ಕಿವಿ ಬೇಕು.
ನನ್ನ ಕಿವಿ ಧಾನ್ಯದ ಎಲಿವೇಟರಿನಲ್ಲಿದೆ,
ಮೂವತ್ತೊಂದು ವರ್ಷ ದುಡಿದು ಅಲ್ಲೇ ಬಿಟ್ಟು ಬಂದೆ.
ತಗ್ಗಿನ ದನಿ ಕೇಳುತ್ತದೆ, ಲಾರಿ, ಗುಡುಗು, ಪಾದ್ರಿ.
ಮೇಲಿನದು ಇಲ್ಲ. ಹಕ್ಕಿಗಳು
ಸುಮ್ಮನೆ ಬಾಯಿ ತೆರೆದು ಮುಚ್ಚುತ್ತವೆ.

ಡೆಲ್ಫಿನ್ ಡೆಜಾರ್ಲೇ, ಹನ್ನೊಂದು ವರ್ಷ,
ಸೈಕಲ್ಲನ್ನು ಬೇಲಿಗೆ ಒರಗಿಸಿ
ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ ಬಂದಳು.
ಸ್ವಲ್ಪ ಕಿವಿ ಕೊಡ್ತೀಯಾ, ಅಂದೆ.
ಕೊಟ್ಟಳು.
ನಾನು ನಳಿಗೆಯನ್ನು ಎರಡು ಬೆರಳಲ್ಲಿ ಚಿವುಟಿ ಬಿಡುವುದು,
ಅವಳು ಹೇಳುವುದು:
ದನಿ ಏರಿದರೆ ಹೊಟ್ಟೆ ಬಿರಿಯೆ ತಿಂದಿದೆ,
ಕುಸಿದರೆ ಹಸಿದಿದೆ.
ಹೆಬ್ಬೆರಳು ಮೇಲೆ. ಒಂದು ಕ್ಲಿಕ್.
ಮೇಲೆ. ಇನ್ನೊಂದು.
ಮಟ್ಟಸ.

ಈಗ ಮೂತಿ ಎತ್ತಿದೆ.
ಅವಳು ಮುಖ ಕಿವಿಚಿದಳು.
"ಮಿಸ್ಟರ್ ಓಸ್ತಾಪ್, ಇದು
ತೂತಾದ ಸ್ಟ್ರಾದಲ್ಲಿ ಶರಬತ್ತು ಕುಡೀತಾ ಇದೆ."

ಹೊಟ್ಟೆ ಬಿಚ್ಚಿದೆವು. ಸ್ಪಂಜು ಸುತ್ತಿದ ಟ್ಯಾಂಕು,
ಅದರ ಬಿರಡೆ, ಬಿರಡೆಯ ಹಿಂದೆ
ಹಿತ್ತಾಳೆ ಗುಂಡು ಕಟ್ಟಿಕೊಂಡ ಮೆತ್ತನೆಯ ನಳಿಗೆ.
ಬಾಯಿಗೆ ತಾಗಿಸಬೇಡ, ವಿಷ, ಎಂದು
ರಬ್ಬರ್ ಬುಂಡೆ ಸಿಕ್ಕಿಸಿ, ತುದಿ ಮುಚ್ಚಿ ಹಿಡಿದು
ಫ್ಲಾಸ್ಕಿನ ಮುಚ್ಚಳದ ನೀರಿನಲ್ಲಿ ಮುಳುಗಿಸಿ ಅದುಮಿದೆ.

ಒಂದು ಗುಳ್ಳೆ.
ಸಾಸಿವೆಯ ಕಾಲು ಭಾಗ.
ಆಮೇಲೆ ಇನ್ನೊಂದು, ಅವಸರವಿಲ್ಲದೆ.

ಬಿರಡೆಯ ಹತ್ತಿರವೇ ತೂತು.
ಮಟ್ಟಸವಾಗಿದ್ದಾಗ ಇಂಧನದಲ್ಲಿ ಮುಳುಗಿರುತ್ತದೆ, ಯಾರಿಗೂ ಕೆಡುಕಿಲ್ಲ;
ಏರಲು ಹೊರಟಾಗಷ್ಟೇ
ಗಾಳಿಗೆ ಬಂದು, ಗಾಳಿ ಸೆಳೆಯುತ್ತದೆ.
ಒಳಗಿನ ಕೊಳವೆಯ ಅಂಚನ್ನು ಅರ ಹಾಕಿ ನುಣುಪು ಮಾಡದೆ
ಬಿಟ್ಟವನು ನಾನೇ, ಎರಡು ವರ್ಷದ ಹಿಂದೆ,
ಐಸ್ ಹಾಕಿ ಶುರುವಾಗುತ್ತದೆಂಬ ಅವಸರದಲ್ಲಿ.
ಆ ರಾತ್ರಿ ನಮ್ಮವರು ಸೋತರು ಬೇರೆ.
ಇದನ್ನು ಅವಳಿಗೆ ಹೇಳಲಿಲ್ಲ.

ಅಷ್ಟರಲ್ಲಿ ಪಡುವಣ ಗಾಳಿ ಎದ್ದಿತ್ತು.
ಟೋಪಿ ಹಾರಿತು. ಇವತ್ತು ಹಾರುವುದು ಅದೊಂದೇ.
ಡೆಲ್ಫಿನ್ ಹಳೆಯ ನಳಿಗೆಯನ್ನು ನನ್ನ ಕಿವಿಯ ಬಳಿ ಹಿಡಿದು
ಬುಂಡೆ ಅದುಮಿದಳು.
"ಸಿಳ್ಳೆ ಹಾಕ್ತಿದೆ. ಕೇಳಿಸ್ತಾ?"

ಇಲ್ಲ.
ಕಿವಿಯ ಕೂದಲಿಗೆ ಮಾತ್ರ ಏನೋ ತಣ್ಣಗೆ ತಾಕಿತು.
ಇನ್ನೊಮ್ಮೆ, ಅಂದೆ.

ನಾಳೆ ಹೊಸ ನಳಿಗೆ.
ಅರ ತರಬೇಕು, ನೆನಪಿಸು.