ಕಾಟಾ ಫೈಲು

ಗಂಜಿನ ಹಿಂದೆ, ಜಿನ್ನಿಂಗ್ ಮಿಲ್ಲಿನ ಮಾಳಿಗೆ.
ರಾಯಚೂರಿನ ಕಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು
ನಡುರಾತ್ರಿ ದಾಟಿದರೂ ಗೋಡೆಯಿಂದ ಕಕ್ಕುತ್ತಿದೆ.
ಕೂಲರಿಗೆ ಎರಡು ಕೊಡ ನೀರು ಹಾಕಿ ಕೂತಿದ್ದೇನೆ.
ನನ್ನ ಕೆಲಸ:
ಏನೂ ಆಗದಿರುವುದನ್ನು ನೋಡುತ್ತಿರುವುದು.

ನಾಲ್ಕು ಸಾವಿರದ ಇನ್ನೂರಾ ಹನ್ನೊಂದು ಫೈಲು.
ಒಂದೊಂದಕ್ಕೂ ಅರವತ್ನಾಲ್ಕು ಅಕ್ಷರದ ಮುದ್ರೆ.
ಒಳಗೆ ಒಂದು ಚುಕ್ಕಿ ಸರಿದರೂ
ಮುದ್ರೆ ಒಂದಿಷ್ಟು ಬದಲಾಗುವುದಿಲ್ಲ, ಪೂರ್ತಿ ಬೇರೆಯೇ ಆಗುತ್ತದೆ,
ಎಳ್ಳಿನಷ್ಟು ಸುಳ್ಳಿಗೂ
ನೀನು ನಮ್ಮ ಮನೆತನದವಳೇ ಅಲ್ಲ ಎನ್ನುತ್ತಿದ್ದ
ನನ್ನ ಸೋದರತ್ತೆಯ ಹಾಗೆ.

ಮೊದಲು ರಾತ್ರಿಗೊಮ್ಮೆ ಎಣಿಸುತ್ತಿದ್ದೆವು, ಹಟ್ಟಿಯ ಕುರಿಯಂತೆ.
ಒಂದು ಕಡಿಮೆ ಎಂದು ತಿಳಿಯುವ ಹೊತ್ತಿಗೆ
ತೋಳ ಮಲಗಿ ಎದ್ದಿರುತ್ತಿತ್ತು.
ಈಗ ಅಗುಳಿ ಅಲುಗಿದ ಕ್ಷಣವೇ:
ಯಾರ ಕೈ, ಯಾವ ಕುರ್ಚಿ, ಎಷ್ಟು ಗಂಟೆ.
ಆ ದಾಖಲೆ ಬೇರೆ ಊರಿನ ಬೇರೆ ಯಂತ್ರದಲ್ಲಿ.
ನಾನೂ ತಿದ್ದಲಾರೆ.
ಬಹಳ ಸಲ ಸುಳ್ಳು ಕೂಗೇ;
ವಿಂಡೋಸ್ ತಾನೇ ಹೊಸ ಅಂಗಿ ತೊಟ್ಟರೂ ಕಳ್ಳ ಕಳ್ಳ ಎನ್ನುತ್ತದೆ.

ಒಂದು ಹದಿನೇಳಕ್ಕೆ ಕೆಂಪು.
ಕಾಟಾದ ಫೈಲು. ಒಂದೇ ಸಾಲು.
ಕಳೆಯುವುದು: ಮೂವತ್ತೆಂಟು ಇದ್ದದ್ದು, ಸೊನ್ನೆ.
ಕೈ: ಅಮರಯ್ಯ. ಕುರ್ಚಿ: ಗೇಟಿನದು.

ಇಳಿದು ಹೋದೆ. ಮೀಸೆಯಲ್ಲಿ ಹತ್ತಿಯ ಎಳೆ,
ಅಂಗೈಯಲ್ಲಿ ಹುರಿದ ಶೇಂಗಾ.
‘ಏನ್ ತಿದ್ದಿದ್ರಿ ಕಾಕಾ?’
‘ತಿದ್ದಿಲ್ಲವ್ವ, ಅಳಿಸೀನಿ.
ಗಾಡಿಗೆ ಮೂವತ್ತೆಂಟು ಕೇಜಿ ತಿಂತಿತ್ತದು.
ನಿನ್ನ ಗಂಟಿ ಮೂರು ವರ್ಷ ಯಾಕ ಸುಮ್ಮಿತ್ತು?’

ಸುಮ್ಮನಿತ್ತು.
ನಾನು ಸೇರಿದ ದಿನ, ಇದೇ ಸರಿಯಾದ ಸ್ಥಿತಿ ಎಂದು
ಮುದ್ರೆ ಒತ್ತಿದಾಗಲೇ
ಒಳಗೆ ಕೂತಿತ್ತು ಆ ಮೂವತ್ತೆಂಟು.

ಅಕ್ಕಸಾಲಿಗನ ಒರೆಗಲ್ಲು
ಇದು ಚಿನ್ನ, ಇದು ಹಿತ್ತಾಳೆ ಎನ್ನುತ್ತದೆ.
ನನ್ನ ಕಲ್ಲಿಗೆ ಬರುವುದು ಒಂದೇ ಮಾತು:
ನಿನ್ನೆಯಂತೆಯೇ ಇದೆ.
ದಿನವೂ ಹಸಿರು ದೀಪ ನೋಡಿ ಮನೆಗೆ ಹೋಗಿ
ನೆಮ್ಮದಿಯಿಂದ ನಿದ್ದೆ ಮಾಡಿದ್ದೇನಲ್ಲ.

ಮತ್ತೆ ಮಾಳಿಗೆ. ಪರದೆಯ ಮೇಲೆ ಎರಡು ಗುಂಡಿ:
ಮರಳಿಸು. ಒಪ್ಪು.
ಮಾಲೀಕರ ಫೋನಿಗೂ ಈ ಸುದ್ದಿ ಹೋಗಿ
ತಲೆದಿಂಬಿನ ಪಕ್ಕ ಒಮ್ಮೆ ಮಿನುಗಿರಬೇಕು.
ಕೆಳಗೆ ದೇವದುರ್ಗದ ಟ್ರ್ಯಾಕ್ಟರೊಂದು ಕಾಟಾ ಹತ್ತಿ
ಎಂಜಿನ್ನು ಆರಿಸಿತು.

ಒಪ್ಪು ಒತ್ತಿದೆ.
ಕಾರಣ ಬರೆಯಿರಿ ಎಂದಿತು.
ತೂಕ, ಎಂದಷ್ಟೇ ಬರೆದೆ.
ಬೇರೆ ಊರಿನ ಯಂತ್ರದಲ್ಲಿ ಒಂದು ಸಾಲು ಕೂಡಿತು:
ಕೈ: ಶರಣಮ್ಮ ಮುದಗಲ್. ಕುರ್ಚಿ: ಮಾಳಿಗೆಯದು.
ಗಂಟೆ: ಒಂದು ನಲವತ್ತು.