ಪೇಪರು ಬಾರದ ದಿನಗಳ ವಾರ್ತೆ

ನಮ್ಮ ಶಾಲೆಗೆ ಪೇಪರು ಬರುವುದು ಮಧ್ಯಾಹ್ನದ ಬಸ್ಸಿಗೆ,
ಕಂಡಕ್ಟರು ಸುರುಳಿ ಸುತ್ತಿ ಗೇಟಿನೊಳಕ್ಕೆ ಎಸೆದು ಹೋಗುತ್ತಾನೆ.
ಹಾಗಾಗಿ ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ಓದುವುದು
ಯಾವತ್ತೂ ನಿನ್ನೆಯದು.
ಮಾಯಮುಡಿಯಾಚೆಯ ಈ ಮೂಲೆಯಲ್ಲಿ ಜಗತ್ತು
ಒಂದು ದಿನ ತಡವಾಗಿ ನಡೆಯುತ್ತದೆ. ಯಾರಿಗೂ ತೊಂದರೆಯಾಗಿಲ್ಲ.
ಷೇರುಪೇಟೆ ಕುಸಿಯಿತು ಎಂದು ಓದಿದ ದಿನ ಮಾತ್ರ
ನೌಫಲ್ ಕೇಳಿದ್ದ: ಆ ಪೇಟೆ
ಗೋಣಿಕೊಪ್ಪದಿಂದ ಎಷ್ಟು ದೂರ, ಟೀಚರ್?

ಫೆಬ್ರವರಿಯಲ್ಲಿ ಒಂಟಿ ಸಲಗವೊಂದು ಎರಡು ದಿನ ರಸ್ತೆ ಬಿಡಲಿಲ್ಲ.
ಬಸ್ಸಿಲ್ಲ, ಪೇಪರಿಲ್ಲ. ಸರದಿ ಚೋಮಿಯದು.
ಮೂರನೇ ಕ್ಲಾಸು, ಹಾಡಿಯ ಹುಡುಗಿ,
ಹಾಜರಿಯನ್ನೂ ಬಾಯಲ್ಲಿ ಹೇಳದೆ ಕೈಯೆತ್ತುವವಳು.
ಬರುವ ದಾರಿಯಲ್ಲಿ ಕಂಡದ್ದನ್ನೇ ಹೇಳು ಎಂದೆ.
ಹೆಬ್ಬೆರಳಿನಲ್ಲಿ ನೆಲ ಕೆರೆದಳು,
ಬಾವುಟದ ಕಂಬ ನೋಡಿದಳು,
ಆಮೇಲೆ ಒಂದೇ ಉಸಿರಿಗೆ:
"ಆನೆ ಲದ್ದಿಯಲ್ಲಿ ಕಾಫಿ ಬೀಜ ಇತ್ತು. ಲದ್ದಿ ಬಿಸಿ ಇತ್ತು.
ವಾರ್ತೆ ಮುಗಿಯಿತು."

ಬಿಸಿ ಇತ್ತೆಂದರೆ ಮುಟ್ಟಿ ನೋಡಿದ್ದಾಳೆ.
ಬಿಸಿ ಇತ್ತೆಂದರೆ ಇಲ್ಲೇ ಎಲ್ಲೋ ಇದೆ.
ಅವತ್ತು ಆಟದ ಪೀರಿಯಡ್ಡು ಬಾಗಿಲು ಹಾಕಿಕೊಂಡು ಆಡಿದೆವು.
ಇಷ್ಟು ವರ್ಷದಲ್ಲಿ ಯಾವ ಪೇಪರೂ
ನಮಗೆ ಇಷ್ಟೊಂದು ಉಪಯೋಗಕ್ಕೆ ಬಿದ್ದಿರಲಿಲ್ಲ.

ಅಲ್ಲಿಂದ ಶುರು.
ಎರಡನೇ ಕ್ಲಾಸಿನ ಬಿದ್ದಪ್ಪನ ಹಲ್ಲು ಬಿದ್ದದ್ದು
ಹೆಸರಿನ ದೆಸೆಯಿಂದ ವಾರವಿಡೀ ಮುಖ್ಯಾಂಶ;
ಹಲ್ಲನ್ನು ಬೆಂಕಿಪೊಟ್ಟಣದಲ್ಲಿ ಸಾಕ್ಷಿಗೆ ತಂದಿದ್ದ.
ನೌಫಲ್ ಏನೇ ಹೇಳಲಿ, "ಮೂಲಗಳು ತಿಳಿಸಿವೆ."
ಇಂದು ಮೊಟ್ಟೆ ಇದೆ ಎಂದು ಮೂಲಗಳು ತಿಳಿಸಿವೆ.
ಮೂಲ, ಅಂದರೆ ಅಡುಗೆಯ ದಮಯಂತಕ್ಕ,
ಕಿಟಕಿಯಿಂದ ಸೌಟು ತೋರಿಸಿ ಗದರುತ್ತಾಳೆ.
ಲಿಂಬೆ ಚಮಚದ ಓಟಕ್ಕೆ ಲಿಂಬೆ ಸಿಗದೆ ಕೈಪುಳಿ ಇಟ್ಟು ಓಡಿದರು,
ಹಣ್ಣು ಚಮಚಕ್ಕಿಂತ ದಪ್ಪ, ಯಾರೂ ಗೆಲ್ಲಲಿಲ್ಲ.
ಸಿ.ಆರ್.ಪಿ. ಸರ್ ಬಂದು ಗೋಡೆಯ ಚಾರ್ಟುಗಳನ್ನು ಎಣಿಸಿ ಹೋದರು.
ಮರುದಿನದ ವಾರ್ತೆ:
"ಅವರ ಬೈಕಿಗೆ ಇರುವುದು ಒಂದೇ ಕನ್ನಡಿ."

ಹಾಸಿನಾ ಅಸ್ಸಾಮಿನವಳು, ಲೈನ್ ಮನೆಯಿಂದ ಬರುತ್ತಿದ್ದಳು, ಜೊತೆಗೆ ತಮ್ಮ.
ನವೆಂಬರಿನಲ್ಲಿ ಅವಳಿಗಿದ್ದ ಕನ್ನಡ ಎರಡು ಮಾತು,
'ಬಾ' ಮತ್ತು 'ಬೇಡ'.
ತನ್ನ ಸರದಿಯ ದಿನ ಕೈಕಟ್ಟಿ ನಿಂತು
"ನಾಳೆ ಕೊನೆಯ ತೂಕ. ನಾಡಿದ್ದು ಲೆಕ್ಕ. ಆಮೇಲೆ ರೈಲು" ಎಂದಳು.
ಒಂದೂ ತಪ್ಪಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.
ರೈಲು ಎಂದರೆ ಇವರಿಗೆ ಬಹಳ ಇಷ್ಟ;
ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ.

ನಾನು ಹಾಜರಿ ಪುಸ್ತಕ ತೆರೆದೆ.
ಹನ್ನೊಂದು. ಅಕ್ಕ ತಮ್ಮ ಹೋದರೆ ಒಂಬತ್ತು.
ಹತ್ತರ ಕೆಳಗೆ ಇಳಿದರೆ ಏನೆಂಬುದು
ಬೀರುವಿನಲ್ಲಿಟ್ಟ ಕಾಗದದಲ್ಲಿದೆ.
ವಿಲೀನ. ಎಷ್ಟು ಮೆತ್ತಗಿನ ಪದ,
ಸಕ್ಕರೆ ನೀರಿನಲ್ಲಿ ಆಗುವಂಥದ್ದು.

ಈಗ ಬಸ್ಸು ಸರಿಯಾಗಿ ಬರುತ್ತಿದೆ. ಪೇಪರನ್ನು ಯಾರೂ ಬಿಚ್ಚುವುದಿಲ್ಲ,
ದಮಯಂತಕ್ಕ ಬೇಳೆ ಡಬ್ಬದಡಿಗೆ ಹಾಸುತ್ತಾಳೆ.
ಇವತ್ತು ಮತ್ತೆ ಚೋಮಿಯ ಸರದಿ.
ಈಗೀಗ ಅವಳು ಕಾಗದ ಹಿಡಿದೇ ಓದುವುದು.
ಕಾಗದ ಖಾಲಿ,
ಆದರೂ ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತದೆ:

"ಮುಖ್ಯಾಂಶಗಳು.
ಹಾಸಿನಾಳ ಒಂದು ಚಪ್ಪಲಿ ಇಲ್ಲೇ ಉಳಿದಿದೆ. ಎಡಗಾಲಿನದು.
ಕಕ್ಕಸಿನ ಬಾಗಿಲಿಗೆ ಚಿಲಕ ಬಂದಿದೆ, ಮೊಳೆ ಬಂದಿಲ್ಲ.
ಟೀಚರ್ ನಿನ್ನೆ ಅಕ್ಕಿ ಮೂಟೆಯ ಕೋಣೆಯಲ್ಲಿ ಅತ್ತರು.
ಕಾರಣ ತಿಳಿದುಬಂದಿಲ್ಲ.
ನನ್ನ ತಂಗಿಗೆ ಜೂನಿಗೆ ಆರು ತುಂಬುತ್ತದೆ. ಅವಳು ಬರುತ್ತಾಳೆ."
(ಮೂಲಗಳು ತಿಳಿಸಿವೆ, ಹಿಂದಿನ ಸಾಲಿನಿಂದ ನೌಫಲ್.)
"ಹವಾಮಾನ.
ಹೂಮಳೆ ಇನ್ನೂ ಬಂದಿಲ್ಲ.
ಬಂದರೆ ಹೇಳುತ್ತೇವೆ."