ಬಾಗಿಲ ಮೇಲಿನ ಬಳಪ

ರಾತ್ರಿ ಹನ್ನೊಂದಕ್ಕೆ ಬಿಟ್ಟು ಬಂದಿದ್ದೆ ಮಂಗನನ್ನು
ಗಂಜಿನ ಹತ್ತಿ ತೂಗುವ ಸಾಫ್ಟ್‌ವೇರಿನ ಮೇಲೆ.
ಲಾರಿ ನಂಬರಿನ ಜಾಗಕ್ಕೆ ಮೂರು ಸೊನ್ನೆ, ಒಂದು ಅಲ್ಪವಿರಾಮ,
ತೂಕ ಮೈನಸ್ ನಲವತ್ತು ಕ್ವಿಂಟಲ್,
ಫೆಬ್ರವರಿ ಮೂವತ್ತೊಂದರ ಚೀಟಿ,
ಅರ್ಧ ಉರ್ದು ಅರ್ಧ ತೆಲುಗಿನ ದಲಾಲಿ.
ಬೀಳಲಿ ಎಂದೇ ಎಸೆಯುವ ಕಲ್ಲು.

ಬೆಳಿಗ್ಗೆ ನೋಡಿದರೆ ಆರು ಕೋಟಿ ಎಸೆದಿದೆ,
ಒಮ್ಮೆಯೂ ಬಿದ್ದಿಲ್ಲ ಪ್ರೋಗ್ರಾಂ.
ಮಲ್ಲಿನಾಥ ಖುಷಿಗೆ ಚಹಾ ತರಿಸಿದ.
ನಾನು ಕವರೇಜ್ ತೆರೆದೆ.

ಕಾಲಿಟ್ಟ ಸಾಲು ಹಸಿರು, ಇಡದ ಸಾಲು ಕೆಂಪು.
ಮೊದಲ ಹತ್ತು ನಿಮಿಷ ಸರಸರ ಹತ್ತಿದ ಗೆರೆ
ಆಮೇಲೆ ಬೆಳತನಕ ಮಲಗಿಬಿಟ್ಟಿದೆ,
ನೂರಕ್ಕೆ ಮೂವತ್ತೊಂದು.
ಅಷ್ಟೂ ಕಲ್ಲು ಬಿದ್ದದ್ದು ಒಂದೇ ಅಂಗಳದಲ್ಲಿ.

ಖುತೇಜಾಬೀ ನೆನಪಾದಳು.
ಪೋಲಿಯೋ ಭಾನುವಾರ ಅವಳ ಹಿಂದೆ ಐಸ್ ಡಬ್ಬಿ ಹೊತ್ತು
ಅಂದ್ರೂನ್ ಕಿಲ್ಲಾದ ಓಣಿ ಓಣಿ ತಿರುಗಿದವಳು ನಾನು.
ಹನಿ ಹಾಕಿದ ಮನೆಗೆ ಬಳಪದಲ್ಲಿ ಪಿ,
ಕೂಸು ಸಿಗದ ಮನೆಗೆ ಎಕ್ಸ್.
‘ಪಿ ನೋಡಿ ಹಿಗ್ಗಬ್ಯಾಡವಾ,
ಬಾಗಲಕ್ಕ ಗೀಟು ಬಿದ್ರ ಹನಿ ಗಂಟಲಕ್ಕ ಇಳದಂಗೇನು?
ಉಗುಳಿರ್ತಾವ.’

ಕಾಟಿ ದರ್ವಾಜಾದ ಹತ್ತಿರ ಒಂದು ಮನೆ,
ಮೂರು ಸುತ್ತು ಮುಗಿದರೂ ಎಕ್ಸ್.
ನಾನು ಬಡಿದೆ, ಒದ್ದೆ, ಚಿಲಕ ಕುಣಿಸಿದೆ.
ಅವಳು ಪಕ್ಕದ ಕಟ್ಟೆಯ ಮುದುಕಿಯ ಜೊತೆ ಎಲೆಯಡಿಕೆ ಹಾಕಿ
ಒಂದು ಹೆಸರು ಕೇಳಿಕೊಂಡು ಬಂದಳು.
‘ಪಾಷಾನ ಅಮ್ಮೀ’ ಎಂದಳು, ಮೆತ್ತಗೆ.
ತೆರೆಯಿತು. ಒಳಗೆ ನಾಲ್ಕು ಕೂಸು.

ಕೆಂಪಿನ ಅಂಚಿಗೆ ಬೆರಳಿಟ್ಟು ಹಿಂದಕ್ಕೆ ಓದಿದೆ:
ಚೀಟಿ ಫೈಲಿನ ಮೊದಲ ನಾಲ್ಕು ಅಕ್ಷರ ತಪ್ಪಿದರೆ
ಹೊಸ್ತಿಲಲ್ಲೇ ಹಿಂದಕ್ಕೆ.
ಕುರುಡು ಬಡಿತಕ್ಕೆ ಅದು ನಾನೂರು ಕೋಟಿಗೊಮ್ಮೆ ತೆರೆದೀತು.
ಗಂಜಿಗೆ ಹೋಗಿ, ಕಾಟಾದ ಸಂಗಪ್ಪನನ್ನು ಕಾಡಿ
ನಿನ್ನೆಯ ಒಂದು ನಿಜ ಚೀಟಿಯ ಫೈಲು ತಂದೆ.
ಪೆನ್‌ಡ್ರೈವಿಗೂ ಹತ್ತಿ ಎಳೆ.
ಮಂಗನಿಗೆ ಬೀಜ ಅಂತ ಕೊಟ್ಟೆ, ಹರಿದು ತಿನ್ನಲಿ.

ಹನ್ನೆರಡು ನಿಮಿಷಕ್ಕೆ ಎಪ್ಪತ್ತೆಂಟು.
ಹದಿಮೂರಕ್ಕೆ ಧೊಪ್ಪನೆ ಬಿತ್ತು:
ತುಂಬಿದ ಲಾರಿಗಿಂತ ಖಾಲಿ ಲಾರಿ ಭಾರ.
ಮಲ್ಲಿನಾಥನ ಮೋರೆಯೂ ಬಿತ್ತು. ಈಗ ಚಹಾ ನಾನು ತರಿಸಿದೆ.

ಉಳಿದ ಕೆಂಪಿನಲ್ಲಿ ಕೆಲವು ಬಾಗಿಲ ಹಿಂದೆ ಮನೆಯೇ ಇಲ್ಲ,
ನೇರ ಕೋಟೆಗೋಡೆ.
ಯಾರೋ ಯಾವತ್ತೋ ಬರೆದು ದಾರಿ ಮುಚ್ಚಿಹೋದ ಸಾಲು.
ಇರಲಿ.

ಎಲ್ಲರೂ ಹೋದ ಮೇಲೆ
ನಾನು ತೆರೆದು ಕೂತದ್ದು ಹಸಿರು ಸಾಲುಗಳನ್ನು,
ಯಾವುದು ಉಗುಳಿದೆ ನೋಡೋಣ ಎಂದು.